ಬೀರುವಿನ ಬೀಗ ತೆಗೆಸಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಅಂಗನವಾಡಿಯ ಆಟಿಕೆ ಮತ್ತು ಹೈಸ್ಕೂಲಿನ ಲ್ಯಾಬ್ ಸಾಮಾನು ಮಕ್ಕಳ ಕೈಗೆ ಸಿಗುವಂತೆ ಆದೇಶ ಹೊರಡಿಸುವ ಬಗ್ಗೆ.

ಮಾನ್ಯರೇ,

ಕಳೆದ ಮೇ 31ಕ್ಕೆ ನಾನು ಸರ್ಕಾರಿ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದೆ. ಚಾರ್ಜ್ ಕೊಡುವ ದಿನ ಸ್ಟಾಕ್ ಬುಕ್ ಮುಂದಿಟ್ಟುಕೊಂಡು ಲ್ಯಾಬಿನ ಸಾಮಾನು ಎಣಿಸಿದರು. ಪೀನ ಮಸೂರ ಆರು, ಸರಿ ಇದೆ. ದಂಡಕಾಂತ ನಾಲ್ಕು, ಸರಿ ಇದೆ. ಪ್ರನಾಳ ಎರಡು ಡಜನ್, ಒಂದೂ ಕಮ್ಮಿ ಇಲ್ಲ. ಎರಡು ಮಸೂರಗಳಂತೂ ಬಂದಾಗ ಸುತ್ತಿದ್ದ ಕಾಗದದಲ್ಲೇ ಇದ್ದವು. ಬೀಳ್ಕೊಡುಗೆಯ ಭಾಷಣದಲ್ಲಿ ಹೆಡ್‌ಮಾಸ್ಟರು ಇದನ್ನೇ ಹೇಳಿದರು. 'ಇಷ್ಟು ವರ್ಷದಲ್ಲಿ ಮೇಡಂ ಒಂದು ಗಾಜು ಒಡೆಯಲು ಬಿಟ್ಟಿಲ್ಲ' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಕೈ ಮುಗಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅದು ಹೊಗಳಿಕೆ ಅಲ್ಲ, ನನ್ನ ಮೇಲಿನ ದೂರು ಅಂತ ಅನಿಸತೊಡಗಿತು. ಈ ಪತ್ರ ಅಲ್ಲಿಂದ ಶುರುವಾಗಿದೆ. ನೌಕರಿಯಲ್ಲಿದ್ದಾಗ ಹೀಗೆ ಬಹಿರಂಗವಾಗಿ ಬರೆಯುವ ಹಾಗಿರಲಿಲ್ಲ. ಈಗ ಅಡ್ಡಿಯಿಲ್ಲ.

ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದಾಗ ನಾನು ಒಂದು ಕೆಲಸ ಮಾಡುತ್ತಿದ್ದೆ. ಮೇಜಿನ ಮೇಲೆ ಒಂದು ಸೆಲ್, ಒಂದು ತುಂಡು ವೈರು, ಟಾರ್ಚಿನ ಒಂದು ಪುಟ್ಟ ಬಲ್ಬು ಇಟ್ಟು 'ಇದನ್ನು ಉರಿಸಿ' ಅನ್ನುತ್ತಿದ್ದೆ. ಅಷ್ಟೇ. ಈ ಸಾಮಾನು ಲ್ಯಾಬಿನದಲ್ಲ, ನನ್ನ ಸ್ವಂತದ್ದು. ಅದಕ್ಕೇ ಧೈರ್ಯವಾಗಿ ಇಡುತ್ತಿದ್ದೆ ಅನ್ನಿ. 13 ವರ್ಷದ ಮಕ್ಕಳು. ಇವರಲ್ಲಿ ಹಲವರು ಮನೆಯಲ್ಲಿ ಅಪ್ಪನ ಜೊತೆ ಪಂಪ್‌ಸೆಟ್ಟಿನ ಫ್ಯೂಸ್ ಹಾಕಿದವರು. ಆದರೆ ತರಗತಿಯಲ್ಲಿ ಕೈ ಮುಂದೆ ಬರುತ್ತಿರಲಿಲ್ಲ. 'ಹೇಗೆ ಮಾಡ್ಬೇಕು ಹೇಳಿ ಮೇಡಂ' ಅನ್ನುವವರೇ ಜಾಸ್ತಿ. ಕೆಲವರು ಪುಸ್ತಕ ತೆಗೆದು ಚಿತ್ರ ಹುಡುಕುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆ ಮಾತ್ರ ಮರೆತಿಲ್ಲ. 'ಹಾಳಾದ್ರೆ ದುಡ್ಡು ಕೊಡ್ಬೇಕಾ ಮೇಡಂ?'

ಅವಳು ಸುಮ್ನೆ ಕೇಳಿದ್ದಲ್ಲ. ಅದಕ್ಕೆ ಕೆಲವು ವರ್ಷ ಹಿಂದೆ, ಬೀಕರ್ ಕೈಜಾರಿ ಒಡೆದ ಒಂದು ಹುಡುಗಿಯ ಹತ್ತಿರ ನಾನು 40 ರೂಪಾಯಿ ವಸೂಲಿ ಮಾಡಿದ್ದೆ. ಬೇರೆ ದಾರಿ ಇರಲಿಲ್ಲ ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಸ್ಟಾಕ್ ಬುಕ್ಕಿನಲ್ಲಿ ಕಮ್ಮಿ ಬಿದ್ದರೆ ಕೇಳುವುದು ನನ್ನನ್ನು ತಾನೇ? ಅಳುತ್ತಾ ಎರಡು ಕಂತಿನಲ್ಲಿ ಕೊಟ್ಟಳು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕವೇ ಬಂತು. ಪಿಯುಸಿಗೆ ಆರ್ಟ್ಸ್ ತೆಗೆದುಕೊಂಡಳು. ಆರ್ಟ್ಸ್ ಓದುವುದು ಕಮ್ಮಿ ಅಂತ ನಾನು ಹೇಳುತ್ತಿಲ್ಲ. ಯಾಕಮ್ಮ ಅಂತ ಕೇಳಿದ್ದಕ್ಕೆ 'ಸೈನ್ಸ್ ನನ್ ಕೈಲಿ ಆಗಲ್ಲ ಮೇಡಂ' ಅಂದಳಲ್ಲ, ಅದು ನನಗೆ ಚುಚ್ಚಿತು. ಅಂಕ ಬಂದಿತ್ತು, ಧೈರ್ಯ ಬಂದಿರಲಿಲ್ಲ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಒಂದು ಮಸೂರವನ್ನೂ ಮುಟ್ಟದೆ ಬೆಳಕಿನ ಪಾಠದಲ್ಲಿ ಪೂರ್ತಿ ಅಂಕ ತೆಗೆಯಬಹುದು. ತೆಗೆದವರನ್ನು ನೋಡಿದ್ದೇನೆ.

ಈ ಹೆದರಿಕೆ ಹೈಸ್ಕೂಲಿನಲ್ಲಿ ಹುಟ್ಟುತ್ತದೆ ಅಂತ ಬಹಳ ಕಾಲ ನಂಬಿದ್ದೆ. ನಿವೃತ್ತಿಯಾದ ಮೇಲೆ ತುಮಕೂರು ಜಿಲ್ಲೆಯ ನಮ್ಮ ಹಳ್ಳಿಗೆ ಬಂದೆ. ಮನೆಯಿಂದ ನೂರು ಹೆಜ್ಜೆಗೆ ಅಂಗನವಾಡಿ. ತಮ್ಮನ ಮೊಮ್ಮಗಳನ್ನು ಬಿಡಲು ಹೋಗುವುದು, ಅಲ್ಲೇ ಸ್ವಲ್ಪ ಹೊತ್ತು ಕೂರುವುದು, ಹೀಗೆ ಜುಲೈನಿಂದ ಡಿಸೆಂಬರ್‌ವರೆಗೆ ವಾರಕ್ಕೆ ಎರಡು ಮೂರು ದಿನ ಅಲ್ಲಿದ್ದೆ. ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ.

ಬೆಳಗ್ಗೆ ಮಕ್ಕಳು ಬರುತ್ತಾರೆ. ಹಾಡು ಹೇಳುತ್ತಾರೆ, ಕೈ ತೊಳೆಯುತ್ತಾರೆ. ಹಾಲು ಕುಡಿಯುತ್ತಾರೆ, ಮೊಟ್ಟೆ ಕೊಡುವ ದಿನ ಮೊಟ್ಟೆ. ಇಷ್ಟೂ ಚೆನ್ನಾಗಿ ನಡೆಯುತ್ತದೆ. ಅದರಲ್ಲಿ ನನ್ನ ತಕರಾರಿಲ್ಲ, ಹೊಟ್ಟೆ ತುಂಬಿದ ಮಗುವೇ ಆಡುವುದು. ಆಮೇಲೆ ಟೀಚರ್ ಫೋನ್ ಹಿಡಿದು ಜಗಲಿಗೆ ಬರುತ್ತಾರೆ. ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆಪ್‌ನಲ್ಲಿ ಹಾಜರಾತಿ, ತೂಕ, ಎತ್ತರ ತುಂಬಬೇಕು. ಮನೆಗೆ ಆಹಾರ ಒಯ್ಯುವ ತಾಯಂದಿರ ಮುಖ ಕ್ಯಾಮೆರಾಗೆ ಹಿಡಿಯಬೇಕು. ಮುಖ ಹೊಂದದಿದ್ದರೆ ಮತ್ತೆ ಹಿಡಿಯಬೇಕು. ಗರ್ಭಿಣಿಯರ ಊಟ ನೋಡಬೇಕು, ಚುಚ್ಚುಮದ್ದಿನ ದಿನ ತಾಯಂದಿರನ್ನು ಕರೆಯಬೇಕು. ಚುನಾವಣೆ ಪಟ್ಟಿಯ ಕೆಲಸ ಬಂದರೆ ಅದೂ ಇವರ ತಲೆಗೇ. ಅಷ್ಟರಲ್ಲಿ ಆಯಮ್ಮ ಒಲೆಯ ಮುಂದೆ. ಮಕ್ಕಳು ಸ್ಲೇಟು ಹಿಡಿದು ಗೋಡೆಗೆ ಒರಗಿ ಕೂತಿರುತ್ತಾರೆ. ಗೋಡೆಯ ತುಂಬ ಚೆಂದದ ಚಿತ್ರ ಬರೆಸಿದ್ದಾರೆ. ಆನೆ ಇದೆ, ರೈಲಿದೆ, ನವಿಲಿದೆ. ಕೈಯಲ್ಲಿ ಹಿಡಿಯಲು ಏನೂ ಇಲ್ಲ.

ಮೂಲೆಯಲ್ಲಿ ಒಂದು ಕಬ್ಬಿಣದ ಬೀರು. 'ಅದರಲ್ಲಿ ಏನಿದೆ?' ಅಂತ ಒಂದು ದಿನ ಕೇಳಿದೆ. ಟೀಚರ್ ಕೀ ತೆಗೆದು ತೋರಿಸಿದರು. ಮರದ ಬ್ಲಾಕುಗಳು, ಪೋಣಿಸುವ ಮಣಿ, ಆಕಾರ ಜೋಡಿಸುವ ಹಲಗೆ, ರಬ್ಬರಿನ ಪ್ರಾಣಿಗಳು. ಶಾಲಾಪೂರ್ವ ಶಿಕ್ಷಣದ ಕಿಟ್. ಅರ್ಧಕ್ಕರ್ಧ ಸಾಮಾನಿನ ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ನಾನು ಏನೂ ಕೇಳುವ ಮೊದಲೇ ಅವರೇ ಹೇಳಿದರು: 'ಒಂದು ಮಣಿ ಕಮ್ಮಿ ಬಿದ್ರೂ ಸೂಪರ್‌ವೈಸರ್ ಬಂದಾಗ ನಾನು ಉತ್ತರ ಕೊಡ್ಬೇಕು ಮೇಡಂ. ನಂಗೆ ಬರೋ ಗೌರವಧನದಲ್ಲಿ ಇದನ್ನ ಕಟ್ಕೊಡೋಕಾಗುತ್ತಾ?'

ನನ್ನ ಲ್ಯಾಬಿನ ಬೀರು ಕಣ್ಣ ಮುಂದೆ ಬಂತು. ಅದೇ ಬಣ್ಣ, ಅದೇ ಬೀಗ, ಅದೇ ಭಯ.

ಆ ಹೆಣ್ಣುಮಗಳನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ದಯವಿಟ್ಟು ಅವರು ಯಾರು ಅಂತ ಹುಡುಕಲು ಹೋಗಬೇಡಿ. ನಾನು ಕಂಡ ಕೆಲಸಗಾರರಲ್ಲಿ ಆಕೆ ಒಳ್ಳೆಯವರು. ಅವರಿಗೆ ಬೀಗ ಹಾಕಲು ಕಲಿಸಿದ್ದು ನಿಮ್ಮ ದಾಸ್ತಾನು ವಹಿ. ನನಗೂ ಅದೇ ಕಲಿಸಿತ್ತು.

ಮರುವಾರ ಮನೆಯಿಂದ ಒಂದು ಟಬ್ ತೆಗೆದುಕೊಂಡು ಹೋದೆ. ಜೊತೆಗೆ ಅಡುಗೆಮನೆಯಲ್ಲಿ ಸಿಕ್ಕಿದ್ದೆಲ್ಲ: ಆಲೂಗಡ್ಡೆ, ಹುಣಸೆ ಬೀಜ, ತೆಂಗಿನ ಚಿಪ್ಪು, ಒಂದು ಸ್ಟೀಲ್ ಚಮಚ, ಹಿತ್ತಲಿನ ಒಂದು ದಪ್ಪ ಕುಂಬಳಕಾಯಿ. ನೀರು ತುಂಬಿಸಿ ಪಕ್ಕಕ್ಕೆ ಕೂತೆ. ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಅಂತ ಪಾಠ ಮಾಡಲಿಲ್ಲ. 35 ವರ್ಷದ ಚಟ, ಬಾಯಿ ತುರಿಸುತ್ತಿತ್ತು. ಕಷ್ಟಪಟ್ಟು ತಡೆದುಕೊಂಡೆ.

ಚಮಚ ಮುಳುಗಿತು. ಹುಣಸೆ ಬೀಜ ಮುಳುಗಿತು. ಚಿಪ್ಪು ದೋಣಿಯಾಯಿತು. ಕುಂಬಳಕಾಯಿ ಎತ್ತಲು ಇಬ್ಬರು ಬೇಕಾಯಿತು. ಅದು ನೀರಿಗೆ ಬಿದ್ದು ಅರ್ಧ ಮೇಲೆದ್ದು ತಿರುಗಾಡಿದಾಗ ಒಬ್ಬ ಕೂಗಿದ: 'ಕುಂಬಳಕಾಯಿಗೆ ಈಜು ಬರುತ್ತೆ!' ಆಲೂಗಡ್ಡೆಗೆ ಈಜು ಬರಲಿಲ್ಲ. ಐದು ವರ್ಷದ ಒಂದು ಹುಡುಗಿ ಅದನ್ನು ನಾಲ್ಕೈದು ಸಲ ಹಾಕಿ ಹಾಕಿ ನೋಡಿದಳು. ಆಮೇಲೆ ಆಯಮ್ಮನ ಹತ್ತಿರ ಹೋಗಿ 'ಇದನ್ನ ಕುಯ್ದು ಕೊಡಿ' ಅಂದಳು. ಯಾಕೆ ಅಂತ ಕೇಳಿದರೆ 'ಚಿಕ್ಕದಾದ್ರೆ ತೇಲುತ್ತೆ' ಅಂದಳು. ಅರ್ಧ ಮಾಡಿ ಕೊಟ್ಟರು. ಮುಳುಗಿತು. ಕಾಲು ಮಾಡಿಸಿದಳು. ಮುಳುಗಿತು. ಕೊನೆಗೆ ಉಗುರಿನಷ್ಟು ಚೂರು. ಅದೂ ಮುಳುಗಿತು. ಟಬ್ಬಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. 'ಎಷ್ಟ್ ಚಿಕ್ದಾದ್ರೂ ಆಲೂಗಡ್ಡೆ ಆಲೂಗಡ್ಡೆನೇ' ಅಂದಳು.

ಮಾನ್ಯರೇ, ಒಂಬತ್ತನೇ ತರಗತಿಗೆ ನಾನು ಸಾಂದ್ರತೆಯ ಪಾಠ ಮಾಡುತ್ತಿದ್ದೆ. ಗಾತ್ರ ಬದಲಾದರೂ ಒಂದು ವಸ್ತುವಿನ ಸಾಂದ್ರತೆ ಬದಲಾಗುವುದಿಲ್ಲ ಅಂತ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಪರೀಕ್ಷೆಯಲ್ಲಿ ಅದೇ ವಾಕ್ಯ ವಾಪಸ್ ಬರುತ್ತಿತ್ತು. ಈ ಹುಡುಗಿ ಒಂದು ಊಹೆ ಮಾಡಿದಳು, ಪರೀಕ್ಷಿಸಿದಳು. ಊಹೆ ತಪ್ಪಾಯಿತು. ಅಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಇನ್ನೊಂದು ಸಲ ಮಾಡಿ ನೋಡಿದಳು. ಎಂಟನೇ ತರಗತಿಗೆ ಬರುವ ಹೊತ್ತಿಗೆ ನನ್ನ ಮಕ್ಕಳಲ್ಲಿ ಕಾಣದೆ ಹೋಗುತ್ತಿದ್ದದ್ದು ಇದೇ. ನಡುವಿನ ಎಂಟು ವರ್ಷದಲ್ಲಿ ಇದು ಎಲ್ಲಿ ಹೋಗುತ್ತದೆ?

ಎಲ್ಲಿ ಹೋಗುತ್ತದೆ ಅನ್ನುವುದಕ್ಕೆ ಒಂದು ಸುಳಿವು ಇದೆ. 2011ರಲ್ಲಿ ಅಮೆರಿಕದ ಸಂಶೋಧಕಿ ಎಲಿಜಬೆತ್ ಬೊನಾವಿಟ್ಜ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಒಂದು ಹೊಸ ಆಟಿಕೆ ಕೊಟ್ಟರು. ಒಂದು ಕಡೆ ಎಳೆದರೆ ಕೀಚಲು ಸದ್ದು, ಇನ್ನೊಂದು ಕಡೆ ಬೆಳಕು, ಹೀಗೆ ಅದರಲ್ಲಿ ನಾಲ್ಕು ಗುಟ್ಟು. ಕೆಲವು ಮಕ್ಕಳಿಗೆ ದೊಡ್ಡವರು 'ನೋಡು, ಇದು ಹೀಗೆ ಕೆಲಸ ಮಾಡುತ್ತದೆ' ಅಂತ ಒಂದನ್ನು ಕಲಿಸಿದರು. ಉಳಿದವರಿಗೆ ಹಾಗೆ ಕಲಿಸಲಿಲ್ಲ. ಕಲಿಸಿದ ಮಕ್ಕಳು ಆ ಒಂದನ್ನೇ ಮಾಡಿ ಬೇಗ ಸುಮ್ಮನಾದರು. ಕಲಿಸದ ಮಕ್ಕಳು ಜಾಸ್ತಿ ಹೊತ್ತು ಆಡಿದರು, ಜಾಸ್ತಿ ಗುಟ್ಟು ಹುಡುಕಿದರು. ಕಲಿಸಲೇಬಾರದು ಅಂತ ಇದರ ಅರ್ಥ ಅಲ್ಲ. ನಾನೂ ಕಲಿಸಿಯೇ ಸಂಬಳ ತಿಂದವಳು. ಆದರೆ ಆಡುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟರೆ ಮಗು 'ಇಷ್ಟೇ ಇರಬೇಕು' ಅಂದುಕೊಳ್ಳುತ್ತದೆ. ನಮ್ಮಲ್ಲಂತೂ ಆಟಿಕೆಯನ್ನೇ ಕೊಡದೆ ಹೇಳಿಕೊಡುತ್ತೇವೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ನನ್ನ ತರಗತಿಯಲ್ಲಿ ಪ್ರಯೋಗಕ್ಕೆ ಗುಂಪು ಮಾಡಿದರೆ ಉಪಕರಣ ಹಿಡಿಯುವವನು ಹುಡುಗ, ನೋಟ್‌ಬುಕ್ ಹಿಡಿಯುವವಳು ಹುಡುಗಿ. ನಾನು ಬದಲಾಯಿಸಿದರೂ ಐದು ನಿಮಿಷಕ್ಕೆ ಮತ್ತೆ ಅಲ್ಲಿಗೇ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 'ತುಂಬಾ ಬುದ್ಧಿವಂತರು ಯಾರು' ಅಂತ ಕೇಳಿದಾಗ ಐದು ವರ್ಷದ ಹುಡುಗರೂ ಹುಡುಗಿಯರೂ ತಮ್ಮ ಕಡೆಯವರನ್ನೇ ತೋರಿಸಿದರು. ಆರು, ಏಳು ವರ್ಷಕ್ಕೆ ಬಂದಾಗ ಹುಡುಗಿಯರು ಹಾಗೆ ತೋರಿಸುವುದು ಕಮ್ಮಿಯಾಗಿತ್ತು. ತುಂಬಾ ಬುದ್ಧಿವಂತರಿಗೆ ಮಾತ್ರ ಅಂತ ಹೇಳಿದ ಆಟದಿಂದ ಹಿಂದೆ ಸರಿಯುವುದೂ ಶುರುವಾಗಿತ್ತು. ಅಮೆರಿಕದ ಮಕ್ಕಳ ಲೆಕ್ಕವನ್ನು ಹಾಗೇ ನಮ್ಮ ಮಕ್ಕಳಿಗೆ ಅಂಟಿಸಲಾಗದು, ಒಪ್ಪುತ್ತೇನೆ. ಆದರೆ ವಯಸ್ಸು ನೋಡಿ. ಆರು. ನಾವು ಹೈಸ್ಕೂಲಿನಲ್ಲಿ 'ಹೆಣ್ಣುಮಕ್ಕಳೇ, ವಿಜ್ಞಾನಕ್ಕೆ ಬನ್ನಿ' ಅಂತ ವಸ್ತುಪ್ರದರ್ಶನ ಮಾಡುವ ಹೊತ್ತಿಗೆ ಬಸ್ಸು ಹೋಗಿ ಎಷ್ಟೋ ಕಾಲವಾಗಿರುತ್ತದೆ.

ಅಂಗನವಾಡಿಯೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಅಂತಲೂ ನಾನು ಹೇಳುವುದಿಲ್ಲ. ಮನೆ ಇದೆ, ಊಟ ಇದೆ, ಮುಂದಿನ ಮೇಷ್ಟ್ರು ಇದ್ದಾರೆ. 1962ರಲ್ಲಿ ಅಮೆರಿಕದ ಇಪ್ಸಿಲಾಂಟಿ ಅನ್ನುವ ಊರಿನಲ್ಲಿ 123 ಬಡ ಕಪ್ಪು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಮಾತ್ರ ಪ್ರಿಸ್ಕೂಲಿಗೆ ಕಳಿಸಿ ಶುರುವಾದ ಪೆರಿ ಪ್ರಿಸ್ಕೂಲ್ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದರಲ್ಲಿ ಬುದ್ಧಿಮಟ್ಟದ ಅಂಕದಲ್ಲಿ ಸಿಕ್ಕ ಮೇಲುಗೈ ಕೆಲವೇ ವರ್ಷದಲ್ಲಿ ಕರಗಿಹೋಯಿತು. ಆದರೂ ಪ್ರಿಸ್ಕೂಲಿಗೆ ಹೋಗಿದ್ದವರಲ್ಲಿ ಹೈಸ್ಕೂಲು ಮುಗಿಸಿದವರು ಜಾಸ್ತಿ. 40ನೇ ವಯಸ್ಸಿನ ಹೊತ್ತಿಗೆ ಅವರ ಸಂಪಾದನೆಯೂ ಜಾಸ್ತಿ. ಉಳಿದುಕೊಂಡದ್ದು ಅಂಕವಲ್ಲ, ಬೇರೆ ಏನೋ. ನನಗೆ ಆ ಆಲೂಗಡ್ಡೆಯ ಹುಡುಗಿ ನೆನಪಾಗುತ್ತಾಳೆ.

ಈಗ ನಿಮ್ಮ ಇಲಾಖೆಗಳ ಮಾತಿಗೆ ಬರುತ್ತೇನೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾದಾಗ ನಮ್ಮ ರಾಜ್ಯದಲ್ಲಿ ಅದು ಬಂದದ್ದು ಟಿ. ನರಸೀಪುರಕ್ಕೆ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು ಅಂತ ಅವತ್ತೇ ಬರೆದಿತ್ತು. 2025ಕ್ಕೆ 50 ವರ್ಷ ತುಂಬಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತ ಅಂದಿತು. ನೀತಿಯ ಬಗ್ಗೆ ಜಗಳ ಏನೇ ಇರಲಿ, ಈ ಮಾತು ಸರಿ. ಆದರೆ ಐದೂವರೆ, ಆರರ ಹತ್ತಿರ ಮಗು ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಹೋಗುತ್ತದೆ. ನಮ್ಮೂರಲ್ಲಿ ಎರಡರ ನಡುವೆ ಇರುವುದು ಒಂದು ರಸ್ತೆ. ಒಂದನೇ ತರಗತಿಯ ಮೇಷ್ಟ್ರು ಈ ಅಂಗನವಾಡಿಯ ಒಳಗೆ ಒಮ್ಮೆಯೂ ಬಂದಿಲ್ಲ. ಕರೆದವರೂ ಇಲ್ಲ.

2024ರ ಜೂನ್‌ನಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿಯವರು ಬೀದಿಗೆ ಬಂದರು. ಮಕ್ಕಳೆಲ್ಲ ಆ ಕಡೆ ಹೋದರೆ ನಮ್ಮ ಗತಿಯೇನು ಅನ್ನುವ ಅವರ ಆತಂಕ ನ್ಯಾಯವಾದದ್ದೇ. ಆಮೇಲೆ ಅಂಗನವಾಡಿಗಳನ್ನೇ ಸರ್ಕಾರಿ ಮಾಂಟೆಸ್ಸರಿ ಮಾಡುವ ತೀರ್ಮಾನ ಬಂತು. ಸಂತೋಷ. ಆದರೆ ಆ ಹೆಸರು ಇಟ್ಟ ಮೇಲೆ ಆ ಹೆಸರಿನ ಹಿಂದಿನ ಒಂದು ಕತೆಯನ್ನೂ ಕೇಳಬೇಕು. ಇಟಲಿಯ ಶಿಕ್ಷಣ ತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮೊದಲ ಮಕ್ಕಳ ಮನೆ ತೆರೆದರು. ಸಾಮಾನೆಲ್ಲ ಬೀರುವಿನಲ್ಲಿ ಇರುತ್ತಿತ್ತು, ಶಿಕ್ಷಕಿ ತೆಗೆದು ಹಂಚುತ್ತಿದ್ದರು. ಒಂದು ದಿನ ಶಿಕ್ಷಕಿ ತಡವಾಗಿ ಬಂದರು, ಹಿಂದಿನ ದಿನ ಬೀರುವಿಗೆ ಬೀಗ ಹಾಕಲು ಮರೆತಿದ್ದರು. ಮಕ್ಕಳು ಅಷ್ಟರಲ್ಲಿ ಬಾಗಿಲು ತೆಗೆದು ಬೇಕಾದ್ದನ್ನು ತೆಗೆದುಕೊಳ್ಳುತ್ತಿದ್ದರು. ಶಿಕ್ಷಕಿಗೆ ಅದು ಕಳ್ಳತನದಂತೆ ಕಂಡಿತು. ಮಾಂಟೆಸ್ಸರಿಗೆ ಹಾಗೆ ಕಾಣಲಿಲ್ಲ. ಮಕ್ಕಳಿಗೆ ತಮಗೆ ಏನು ಬೇಕು ಅಂತ ಗೊತ್ತಿದೆ ಅನಿಸಿತು. ಎತ್ತರದ ಬೀರು ಹೋಗಿ ಮಕ್ಕಳ ಕೈಗೆ ಎಟುಕುವ ಗಿಡ್ಡ ಕಪಾಟು ಬಂತು. ಬೋರ್ಡಿನಲ್ಲಿ ಮಾಂಟೆಸ್ಸರಿ, ಮೂಲೆಯಲ್ಲಿ ಬೀಗ. ಎರಡೂ ಒಟ್ಟಿಗೆ ಹೇಗೆ?

ನಮಗೆ ದೂರದ ಮಾದರಿಯೇ ಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಮೇಷ್ಟ್ರುಗಳೇ ಸೇರಿ ಕಟ್ಟಿದ ನಲಿ ಕಲಿ ಅನ್ನುವ ಕಲಿಕೆಯ ಪದ್ಧತಿಯಲ್ಲಿ ಮಗು ತಾನೇ ಹೋಗಿ ಕಾರ್ಡು ತೆಗೆದುಕೊಂಡು ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ಅದನ್ನು ರಾಜ್ಯವೆಲ್ಲ ಹರಡಿದವರು ನೀವೇ. ಕಾರ್ಡು ಹರಿಯುತ್ತದೆ, ಕಳೆಯುತ್ತದೆ. ಹರಿಯಬೇಕಾದದ್ದೇ ಅಲ್ವಾ?

ನನ್ನ ಮುಖ್ಯ ಕೋರಿಕೆ ಒಂದೇ. ಅದಕ್ಕೆ ದೊಡ್ಡ ಬಜೆಟ್ ಬೇಡ, ಒಂದು ಪುಟದ ಸುತ್ತೋಲೆ ಸಾಕು. ಅಂಗನವಾಡಿಯ ಕಲಿಕೆಯ ಕಿಟ್ಟನ್ನೂ ಹೈಸ್ಕೂಲಿನ ಗಾಜಿನ ಸಾಮಾನು, ಮಸೂರ, ಸೆಲ್, ಬಲ್ಬುಗಳನ್ನೂ ಸೀಮೆಸುಣ್ಣದ ಹಾಗೆ ಬಳಸಿ ಸವೆಯುವ ಸಾಮಾನು ಅಂತ ಘೋಷಿಸಿ. ಮಕ್ಕಳು ಬಳಸುವಾಗ ಒಡೆದರೆ, ಕಳೆದರೆ, ಕಾರ್ಯಕರ್ತೆಯಿಂದಾಗಲಿ ಶಿಕ್ಷಕರಿಂದಾಗಲಿ ಮಗುವಿನಿಂದಾಗಲಿ ವಸೂಲಿ ಮಾಡುವಂತಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಅಂಗನವಾಡಿಯ ಬಾಲವಿಕಾಸ ಸಮಿತಿ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಹಿ ಹಾಕಿದರೆ ವಹಿಯಿಂದ ತೆಗೆದುಹಾಕಲು ಅವಕಾಶ ಕೊಡಿ. ತಪಾಸಣೆಯ ನಮೂನೆಯಲ್ಲಿ ಒಂದು ಸಾಲು ಸೇರಿಸಿ: ಕಿಟ್ ಹೊಸದರಂತೆಯೇ ಇದ್ದರೆ ಕಾರಣ ಕೇಳಬೇಕು. ಈಗ ನಡೆಯುವುದು ತಲೆಕೆಳಗು.

ಎರಡನೆಯದು ಸಮಯ. ದಿನಕ್ಕೆ ಎರಡು ಗಂಟೆ ಕಾರ್ಯಕರ್ತೆಯ ಕೈಯಲ್ಲಿ ಫೋನ್ ಇರಬಾರದು, ಯಾವ ಸಮೀಕ್ಷೆಯೂ ಇರಬಾರದು. ಬೆಳಗ್ಗೆ ಮಕ್ಕಳು ಚುರುಕಾಗಿರುವ ಹೊತ್ತು ಅದು. ಆಪ್ ಮಧ್ಯಾಹ್ನ ಕಾಯಲಿ.

ಇನ್ನು ಒಂದನೇ ತರಗತಿಯ ಶಿಕ್ಷಕರು ಶಾಲೆ ಶುರುವಾಗುವ ಮುಂಚೆ ಎರಡು ದಿನವಾದರೂ ಅಂಗನವಾಡಿಯಲ್ಲಿ ಕೂರುವಂತೆ ಮಾಡಿ. ಟಬ್, ಮರಳು, ಬೀಜ, ಸಕ್ಕರೆ, ಉಪ್ಪು ಇಂಥವಕ್ಕೆ ತಿಂಗಳಿಗೆ ಒಂದಿಷ್ಟು ಚಿಲ್ಲರೆ ಖರ್ಚು ಕೊಡಿ, ರಸೀದಿಗೆ ಪೀಡಿಸಬೇಡಿ. ಸಂತೆಯಲ್ಲಿ ಹುಣಸೆ ಬೀಜಕ್ಕೆ ಜಿಎಸ್‌ಟಿ ಬಿಲ್ ಯಾರೂ ಕೊಡುವುದಿಲ್ಲ. ಇದನ್ನೇ ನೆಪ ಮಾಡಿಕೊಂಡು ಎಲ್ಲ ಅಂಗನವಾಡಿಗೂ ಸ್ಮಾರ್ಟ್ ಟಿವಿ ಕೊಳ್ಳುವ ಟೆಂಡರ್ ಮಾತ್ರ ದಯವಿಟ್ಟು ಕರೆಯಬೇಡಿ. ಟಿವಿಯಲ್ಲೂ ಕುಂಬಳಕಾಯಿ ತೇಲುತ್ತದೆ, ನಿಜ. ಕೈ ಒದ್ದೆಯಾಗುವುದಿಲ್ಲ.

ತಂದೆತಾಯಂದಿರಿಗೂ ಒಂದು ಮಾತು ಇದರಲ್ಲೇ ಸೇರಿಸುತ್ತೇನೆ, ಬಹಿರಂಗ ಪತ್ರ ಅಲ್ವಾ. ನಮ್ಮೂರಿಗೆ ಬೆಳಗ್ಗೆ ಕಾನ್ವೆಂಟಿನ ಹಳದಿ ವ್ಯಾನ್ ಬರುತ್ತದೆ. ಮೂರೂವರೆ ವರ್ಷದ ಮಕ್ಕಳು ಟೈ ಕಟ್ಟಿಕೊಂಡು ಹತ್ತುತ್ತಾರೆ. ಸಂಜೆ ಒಂದರಿಂದ ನೂರರವರೆಗೆ ಬರೆದು, ಕೈ ನೋವು ಅಂತ ಅಳುತ್ತಾರೆ. ನೀವು ದುಡಿದ ದುಡ್ಡು ಕೊಟ್ಟು ಕಳಿಸುವುದು ಮಕ್ಕಳಿಗೆ ಒಳ್ಳೆಯದಾಗಲಿ ಅಂತಲೇ. ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ಹೀಗೆ ತುಂಬಿದ ನೋಟ್‌ಬುಕ್ ಹಿಡಿದು ಬಂದ ಮಕ್ಕಳೂ ಎಂಟನೇ ತರಗತಿಯಲ್ಲಿ ನನ್ನ ಬಲ್ಬಿನ ಮುಂದೆ ಕೈ ಕಟ್ಟಿಕೊಂಡೇ ನಿಂತಿದ್ದರು.

ಮಾನ್ಯ ಸಚಿವರೇ, ಡಿಸೆಂಬರ್‌ನಲ್ಲಿ ಒಂದು ದಿನ ನಮ್ಮ ಅಂಗನವಾಡಿಯ ಟೀಚರ್ ಧೈರ್ಯ ಮಾಡಿ ಮಣಿಯ ಡಬ್ಬಿ ಹೊರಗೆ ತೆಗೆದರು. 'ಕಮ್ಮಿ ಬಿದ್ರೆ ನಾನು ಕೊಡ್ತೀನಿ' ಅಂತ ನಾನು ಹೇಳಿದ ಮೇಲೆ. ಸಂಜೆ ಎಣಿಸಿದಾಗ ಮೂರು ಮಣಿ ಇರಲಿಲ್ಲ. ಒಂದು ಚಾಪೆಯ ಕೆಳಗೆ ಸಿಕ್ಕಿತು. ಇನ್ನೊಂದನ್ನು ಆಲೂಗಡ್ಡೆಯ ಹುಡುಗಿ ಟಬ್ಬಿಗೆ ಹಾಕಿ ನೋಡುತ್ತಿದ್ದಳು. ಮೂರನೆಯದು ಇವತ್ತಿಗೂ ಸಿಕ್ಕಿಲ್ಲ. ದಾಸ್ತಾನು ವಹಿಯಲ್ಲಿ ಒಂದು ಮಣಿ ಕಮ್ಮಿ ಇದೆ. ಅದಕ್ಕೆ ಹೊಣೆ ನಾನು, ಅವರನ್ನು ಕೇಳಬೇಡಿ.

ಬರುವ ಜೂನ್‌ಗೆ ಆ ಹುಡುಗಿ ರಸ್ತೆ ದಾಟಿ ಒಂದನೇ ತರಗತಿಗೆ ಹೋಗುತ್ತಾಳೆ. ಸುತ್ತೋಲೆ ಅಷ್ಟರೊಳಗೆ ಬರಲಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ತುಮಕೂರು ಜಿಲ್ಲೆ